ಸೀರೆಯಿಂದ ಬಿದ್ದ ಮಳೆ

"ಅಕ್ಕಾ, ನಿಮ್ಮ ಸೀರೆ ನೀರು ಮಳೆಡಬ್ಬಿಗೆ ಸೋರ್ತಾ ಐತೆ" ಎಂದಳು ಮಲ್ಲಿಕಾಂಬ.

ಕರಿಬಸಮ್ಮ ತಿರುಗಿ ನೋಡಿದಳು. ಅವಳು ಅಜ್ಜಂಪುರದ ಸರ್ಕಾರಿ ಬಂಗಲೆಯ ಕಾವಲುಗಾರನ ಹೆಂಡತಿ. ಬಂಗಲೆಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ನೆಟ್ಟು, ಸುತ್ತ ಬೇಲಿ ಹಾಕಿದ್ದರು. ಬೇಲಿಯ ಕಂಬದಿಂದ ಕಂಬಕ್ಕೆ ಅವಳು ಬಟ್ಟೆ ಒಣಗಿಸಲು ಹಗ್ಗ ಕಟ್ಟಿಕೊಂಡಿದ್ದಳು.

"ಸೋರಿದ್ರೆ ಏನೀಗ? ಬೆಳಗಿನ ಜಾವ ನಾಕು ಹನಿ ಬಿತ್ತಲ್ಲ, ಅದೂ ನೀರೇ, ಇದೂ ನೀರೇ."

ಮಲ್ಲಿ ಡಬ್ಬಿಯೊಳಗಿನ ಬಾಟಲಿ ತೆಗೆದು, ಅಳತೆ ಗ್ಲಾಸಿಗೆ ಸುರಿದಳು. ಹನ್ನೆರಡು ಮಿಲಿಮೀಟರ್. ಮೇಲೆ ಸೋಪಿನ ನೊರೆ.

ದಿನಾ ಬೆಳಗ್ಗೆ ಎಂಟೂವರೆಗೆ ಮಳೆ ಅಳೆಯುತ್ತಿದ್ದವರು ಅವಳ ಅಪ್ಪ ಓಂಕಾರಮೂರ್ತಿ. ಈಗ ಜ್ವರ ಬಂದು ಮಲಗಿದ್ದರು. ೧೯೮೩ರ ಬೇಸಿಗೆ ರಜೆ, ಮಲ್ಲಿಯನ್ನೇ ಕಳಿಸುತ್ತಿದ್ದರು. ಅವಳು ಹುಟ್ಟುವ ಮೊದಲಿನಿಂದಲೂ ಅಪ್ಪ ಒಂದು ದಿನವೂ ತಪ್ಪಿಸಿರಲಿಲ್ಲ. ತಮ್ಮ ಮದುವೆಯ ದಿನವೂ ಮುಹೂರ್ತಕ್ಕೆ ಮೊದಲು ಹೋಗಿ ಅಳೆದು ಬಂದಿದ್ದರಂತೆ. ಅಮ್ಮ ಅದನ್ನು ಈಗಲೂ ಹೇಳುತ್ತಾಳೆ. ಹೊಗಳಿ ಅಲ್ಲ.

ಅಪ್ಪ ಬರೆದ ಅಂಕಿಗಳು ದೊಡ್ಡ ಆಫೀಸಿಗೆ ಹೋಗುತ್ತಿದ್ದವು. ಅಲ್ಲಿ ದೇಶದ ಎಲ್ಲ ಊರಿನ ಮಳೆಯನ್ನೂ ಒಟ್ಟಿಗಿಟ್ಟು, ನೂರು ವರ್ಷದಲ್ಲಿ ಮಳೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನೋಡುತ್ತಾರಂತೆ.

"ಹನ್ನೆರಡು ಅಂತಲೇ ಬರ್ಕೊ" ಎಂದಳು ಕರಿಬಸಮ್ಮ. "ಈ ವರ್ಷ ಕಾಗದದ ಮೇಲಾದ್ರೂ ಮಳೆ ಬರ್ಲಿ."

ಹಾಲು ಹಾಕಲು ಬಂದ ಷಣ್ಮುಖಪ್ಪ ಸೈಕಲ್ ನಿಲ್ಲಿಸಿದ. "ಎಲ್ಲಿ ಬಂತು ಮಳೆ? ನನ್ನ ಸೈಕಲ್ ಸೀಟೇ ನೆಂದಿಲ್ಲ. ಸೊನ್ನೆ ಹಾಕವ್ವ."

"ರಾತ್ರಿ ಸೈಕಲ್ ಎಲ್ಲಿತ್ತು?" ಎಂದು ಕೇಳಿದಳು ಮಲ್ಲಿ.

"ಕೊಟ್ಟಿಗೇಲಿ."

ಮಲ್ಲಿ ಏನೂ ಬರೆಯದೆ ಮನೆಗೆ ಬಂದು ನಡೆದದ್ದನ್ನು ಹೇಳಿದಳು. ಅಪ್ಪ ಕಂಬಳಿಯೊಳಗಿಂದಲೇ ಕೇಳಿಸಿಕೊಂಡರು.

"ಒಂದಿನ ತಪ್ಪಾದ್ರೆ ನೂರು ವರ್ಷದ ಲೆಕ್ಕ ಕೆಟ್ಟೋಗುತ್ತಾ ಅಪ್ಪಾ?"

"ಇಲ್ಲ."

"ಹಂಗಾದ್ರೆ ಎರಡು ಅಂತ ಬರೀಲಾ? ಅಷ್ಟೇ ಬಿದ್ದಿರ್ಬೇಕು."

"ಎರಡು ಅಳೆದ್ಯಾ?"

"ಇಲ್ಲ."

ಅಪ್ಪ ಎದ್ದು ಕೂತು ಗಂಜಿ ಕುಡಿಯತೊಡಗಿದರು.

ಮಲ್ಲಿ ಮಳೆಪುಸ್ತಕ ಬಿಡಿಸಿದಳು. ಎಲ್ಲ ಪುಟದಲ್ಲೂ ಅಪ್ಪನ ಪುಟ್ಟ ಅಂಕಿಗಳು, ಕೊನೆಯಲ್ಲಿ ಮಾತ್ರ ಅವಳ ನಾಲ್ಕಾರು ಸೊನ್ನೆ. ಎಲ್ಲೂ ಖಾಲಿ ಇರಲಿಲ್ಲ. ಅವಳು ಇವತ್ತಿನ ಸಾಲಿನ ಮೇಲೆ ಬೆರಳಿಟ್ಟಳು.

"ಅಳತೆ ಇಲ್ಲ ಅಂತ ಇಲ್ಲಿ ಗೆರೆ ಎಳೆದ್ರೆ, ಒಂದಿನಾನೂ ತಪ್ಪಿಸಿಲ್ಲ ಅಂತ ಇನ್ಮೇಲೆ ನೀನು ಹೇಳಂಗಿಲ್ಲ."

"ಹೇಳಂಗಿಲ್ಲ" ಎಂದರು ಅಪ್ಪ. ಗಂಜಿ ಮುಗಿದಿತ್ತು. ಲೋಟ ಮಾತ್ರ ಕೆಳಗಿಡಲಿಲ್ಲ.

ಮಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದಳು. ಪಕ್ಕದಲ್ಲಿ, 'ಸೀರೆಯ ನೀರು ಬಿದ್ದುದರಿಂದ ಅಳತೆ ಇಲ್ಲ' ಎಂದು ಬರೆದಳು.

ಅಪ್ಪ ಓದಿದರು. "ಸೀರೆ ಅಂತ ಬರೀಬೇಕಿತ್ತಾ?"

"ಸೀರೆನೇ ಅಲ್ವಾ?"

ಅಪ್ಪ ಪೆನ್ನು ತೆಗೆದುಕೊಂಡರು. "ಹೌದು" ಎಂದು ಸಹಿ ಹಾಕಿ, ಪುಸ್ತಕವನ್ನು ಅವಳ ಕೈಗೇ ಕೊಟ್ಟರು.

ಮಾರನೆಯ ಬೆಳಗ್ಗೆ ಕರಿಬಸಮ್ಮನ ಹಗ್ಗ ಹೊಂಗೆ ಮರಕ್ಕೆ ಹೋಗಿತ್ತು. "ಸೀರೆ ತುಂಬ ಹೂ ಉದುರ್ತಾವೆ" ಎಂದು ಅವಳು ಗೊಣಗಿದಳು.

ರಾತ್ರಿ ಒಂದು ಹನಿಯೂ ಬಿದ್ದಿರಲಿಲ್ಲ. ಆದರೂ ಮಲ್ಲಿ ಬಾಟಲಿಯನ್ನು ಗ್ಲಾಸಿಗೆ ಬಗ್ಗಿಸಿ, ಕಾದು ನೋಡಿದಳು. ಏನೂ ಬರಲಿಲ್ಲ.

ಇಷ್ಟು ದಿನ ಸೊನ್ನೆ ಬರೆದಾಗ ಏನೂ ಬರೆಯದ ಹಾಗೆ ಅನಿಸುತ್ತಿತ್ತು. ಇವತ್ತು ಹಾಗೆ ಅನಿಸಲಿಲ್ಲ. ಅವಳು ಪುಸ್ತಕವನ್ನು ಮಂಡಿಯ ಮೇಲಿಟ್ಟುಕೊಂಡು, ಗೆರೆಯ ಕೆಳಗಿನ ಸಾಲಿನಲ್ಲಿ ಸೊನ್ನೆಯನ್ನು ನಿಧಾನವಾಗಿ, ದುಂಡಗೆ ಬರೆದಳು.