ಪರದೆಯ ಕೆಳಪಟ್ಟಿ

ಬೆಳಗ್ಗೆ ಹನ್ನೊಂದೂವರೆಗೆ ಠಾಣೆಯ ಬಾಗಿಲಲ್ಲಿ ನಿಂತ ಹೆಂಗಸಿನ ಕೈಗಳು ಮೊಣಕೈವರೆಗೆ ರಕ್ತವಾಗಿದ್ದವು. ಗಂಡನ ಕೆಲಸದ ಕೋಣೆಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ, ಅವರ ತಲೆ ಒಡೆದಿದೆ, ಎಬ್ಬಿಸಿದರೆ ಏಳುತ್ತಿಲ್ಲ ಎಂದಳು. ಗಂಡ ಕಂಪ್ಯೂಟರ್ ಮೇಷ್ಟ್ರು. ಪರದೆಯ ಮೇಲೆ ಕೆಲಸ ಮಾಡಿ ತೋರಿಸುತ್ತ, ಅದನ್ನೇ ರೆಕಾರ್ಡ್ ಮಾಡಿ ಪಾಠ ಮಾಡುತ್ತಿದ್ದವನು. ಇನ್ಸ್‌ಪೆಕ್ಟರ್ ಹೋಗಿ ನೋಡುವಷ್ಟರಲ್ಲಿ ಜೀವವಿರಲಿಲ್ಲ. ದೂರು ಕೊಲೆಯ ಎಫ್‌ಐಆರ್ ಆಯಿತು.

ಪಂಚನಾಮೆ ಬರೆದವನು ಹೆಡ್ ಕಾನ್‌ಸ್ಟೇಬಲ್ ಮೀಸೆ. ಮೀಸೆ ಬೋಳಿಸಿ ಎಷ್ಟೋ ವರ್ಷವಾದರೂ ಹೆಸರು ಮಾತ್ರ ಹೋಗಿರಲಿಲ್ಲ. ಮೈಕಿನ ಕಬ್ಬಿಣದ ಸ್ಟ್ಯಾಂಡಿನಿಂದ ಹಿಂದಿನಿಂದ ಹೊಡೆದಿದ್ದರು. ಮೊದಲ ಏಟಿಗೇ ಸತ್ತಿರಬೇಕು. ಆಮೇಲೂ ಸಿಟ್ಟು ತೀರುವವರೆಗೆ ಬಡಿದಿದ್ದರು. ಕೀಬೋರ್ಡಿನ ಗುಂಡಿಗಳು ಕಿತ್ತು ಚೆಲ್ಲಿದ್ದವು. ಯಾವುದು ಗುಂಡಿ, ಯಾವುದು ಹಲ್ಲು ಎಂದು ಮೀಸೆ ಬಗ್ಗಿ ನೋಡಬೇಕಾಯಿತು. ಸ್ಟ್ಯಾಂಡನ್ನು ಒರೆಸಿಟ್ಟಿದ್ದರು. ರಕ್ತ ಸಿಡಿದ ಪರದೆಯ ಮೇಲೆ ಕೆಂಪು ಚುಕ್ಕೆ ಇನ್ನೂ ಮಿನುಗುತ್ತಿತ್ತು. ರೆಕಾರ್ಡಿಂಗ್ ನಿಂತಿರಲಿಲ್ಲ.

ಸುದ್ದಿ ಕೇಳಿ ಹೆಂಗಸಿನ ತಮ್ಮ ಆ ಕೋಣೆಗೇ ಓಡಿ ಬಂದು ಅಕ್ಕನನ್ನು ತಬ್ಬಿ ಅತ್ತ. ಭಾವನ ಪಾಠಗಳನ್ನೆಲ್ಲ ಬರೆದು ಸಿದ್ಧಪಡಿಸುತ್ತಿದ್ದವನು ಅವನೇ. ಬೆಳಗ್ಗೆಯಿಂದ ಮನೆಯಲ್ಲೇ ಇದ್ದೆ ಎಂದ. ಇನ್ಸ್‌ಪೆಕ್ಟರ್ ಪರದೆ ತೋರಿಸಿದರು.

"ಇದ್ರಲ್ಲಿ ಏನೇನು ಬಂದಿರುತ್ತೆ?"

"ನಡುವಿನ ಚೌಕ ಮಾತ್ರ ಸರ್. ಎಷ್ಟು ಜಾಗ ಬೇಕೋ ಅಷ್ಟಕ್ಕೆ ಮೊದಲೇ ಗೆರೆ ಎಳೀತೀವಿ. ಶುರುವಾದ್ಮೇಲೆ ಗೆರೆ ಕಾಣಲ್ಲ. ಭಾವ ಮೂರು ವರ್ಷದಿಂದ ಅದನ್ನ ಬದಲಾಯಿಸಿಲ್ಲ."

"ಧ್ವನಿ?"

"ಆಮೇಲೆ ಸೇರಿಸೋದು."

"ಈ ಮೂಲೇಲಿ ಬಾಗಿಲು ಕಾಣ್ತಿದೆಯಲ್ಲ?"

"ಬಾಗಿಲ ಕ್ಯಾಮೆರಾ. ಡಿಸ್ಕ್ ತುಂಬುತ್ತೆ ಅಂತ ಅದನ್ನ ಉಳಿಸಲ್ಲ. ಚೌಕದ ಹೊರಗಿದೆ, ಪಾಠದಲ್ಲೂ ಬರಲ್ಲ. ಗುಣಮಟ್ಟ ಬೇರೆ ಕಡಿಮೆ ಇಡ್ತಿದ್ರು. ಬಂದ್ರೂ ಮುಖ ಗೊತ್ತಾಗಲ್ಲ."

ಮುಖದ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಇನ್ಸ್‌ಪೆಕ್ಟರ್ ಪಂಚರ ಎದುರಿನಲ್ಲಿ ರೆಕಾರ್ಡಿಂಗ್ ನಿಲ್ಲಿಸಿ ಜಪ್ತಿ ಮಾಡಿಸಿದರು.

ಮಧ್ಯಾಹ್ನ ಠಾಣೆಯಲ್ಲಿ ಅದನ್ನು ಹಾಕಿದಾಗ ನಡುವಿನ ಚೌಕವಲ್ಲ, ಇಡೀ ಪರದೆಯೇ ಬಂತು. ಗುಣಮಟ್ಟವೂ ಎಲ್ಲಕ್ಕಿಂತ ಮೇಲಿನದು. ಮೂಲೆಯ ಕಿಟಕಿಯಲ್ಲಿ ಬಾಗಿಲು ತೆರೆದು ತಮ್ಮ ಒಳಗೆ ಬಂದ. ಅಂಗಿಯ ಗುಂಡಿ ಎಣಿಸುವಷ್ಟು ಸ್ಪಷ್ಟವಿತ್ತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಓಡಾಡುತ್ತಿದ್ದ ಮೌಸಿನ ಬಾಣ ಅರ್ಧಕ್ಕೆ ನಿಂತಿತು. ಆಮೇಲೆ ಪಾಠದ ಪುಟದ ತುಂಬ ಅರ್ಥವಿಲ್ಲದ ಅಕ್ಷರಗಳು ಸಾಲು ಸಾಲಾಗಿ ಮೂಡತೊಡಗಿದವು. ಕೀಬೋರ್ಡಿನ ಮೇಲೆ ಬಿದ್ದ ಮುಖವನ್ನು ಯಾರೋ ಎತ್ತಿ ಎತ್ತಿ ಕುಟ್ಟುತ್ತಿದ್ದಾರೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಕ್ಷರಗಳು ನಿಂತವು. ಮೂಲೆಯ ಕಿಟಕಿಯಲ್ಲಿ ಮತ್ತೆ ಕಂಡ ತಮ್ಮ, ರಕ್ತ ಸಿಡಿದ ಅಂಗಿಯನ್ನು ಒಳಹೊರಗು ಮಾಡಿ ತೊಟ್ಟು ಹೊರಗೆ ಹೋದ.

ಕರೆತಂದು ತೋರಿಸಿದಾಗ ಅವನು ಬಾಗಿಲಿಗೆ ನುಗ್ಗಿದ. ಹಿಡಿದ ಮೀಸೆಯ ಕೈ ಕಚ್ಚಿ ಮಾಂಸ ಕಿತ್ತ. ಮೀಸೆ ಅವನನ್ನು ನೆಲಕ್ಕೆ ಕೆಡವಿ ಬೆನ್ನಿನ ಮೇಲೆ ಮಂಡಿಯೂರಿದ.

"ಯಾಕೆ ಹೊಡೆದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಮೂರು ವರ್ಷ ನಾನು ಬರ್ದೆ, ಅವರು ಓದಿದ್ರು. ಪರದೆಯ ಕೆಳಗೆ ಸಣ್ಣದಾಗಿ ನನ್ನ ಹೆಸರು ಹಾಕ್ಕೊಂಡೆ. ಪ್ರತಿ ಸಲ ಅದನ್ನ ಗೆರೆ ಹೊರಗೇ ಬಿಟ್ರು. ಇವತ್ತು ಕೇಳೋಕೆ ಹೋದ್ರೆ, 'ಕೂತ್ಕೋ, ಮುಗಿದ್ಮೇಲೆ ನೋಡು' ಅಂದ್ರು. ತಿರುಗಿ ಕೂಡ ನೋಡ್ಲಿಲ್ಲ."

ರೆಕಾರ್ಡಿಂಗ್ ನಿಲ್ಲಿಸಲಿಲ್ಲವೇಕೆ ಎಂದರೆ, ಮುಟ್ಟಿದರೆ ಬೆರಳಚ್ಚು ಉಳಿಯುತ್ತಿತ್ತು, ಹೇಗಿದ್ದರೂ ಅದರಲ್ಲಿ ಏನೂ ಬಂದಿರುವುದಿಲ್ಲ ಎಂದುಕೊಂಡೆ ಎಂದ.

ಇನ್ಸ್‌ಪೆಕ್ಟರ್ ಪರದೆಯನ್ನು ಅವನ ಕಡೆ ತಿರುಗಿಸಿದರು. ಇಷ್ಟು ಹೊತ್ತು ಮೂಲೆಯನ್ನೇ ನೋಡಿದ್ದವನು ಈಗ ಕೆಳಪಟ್ಟಿ ನೋಡಿದ. ಅಲ್ಲಿ ಅವನ ಹೆಸರಿತ್ತು, ಅಕ್ಷರ ಅಕ್ಷರವೂ ಓದುವ ಹಾಗೆ.

ಹೊರಗಿನ ಬೆಂಚಿನಲ್ಲಿದ್ದ ಅಕ್ಕ ಹೇಳಿಕೆ ಕೊಟ್ಟಿದ್ದಳು. ಹಿಂದಿನ ದಿನ ತಮ್ಮನ ಪರವಾಗಿ ಗಂಡನೊಡನೆ ಜಗಳವಾಡಿದ್ದಳು. ಅವನು ಕೊನೆಗೆ ಸೋತು, ನಾಳೆಯಿಂದ ಪರದೆ ಪೂರ್ತಿ ಬರಲಿ, ಸಣ್ಣ ಅಕ್ಷರ ಮಸುಕಾಗದ ಹಾಗೆ ಗುಣಮಟ್ಟವನ್ನೂ ಏರಿಸುತ್ತೇನೆ ಎಂದು ಒಪ್ಪಿದ್ದ.

ಕೈಕೋಳ ಹಾಕಿ ಕರೆದೊಯ್ಯುವಾಗ ತಮ್ಮ ಅವಳ ಮುಂದೆ ನಿಂತ.

"ನನಗ್ಯಾಕೆ ಹೇಳಲಿಲ್ಲ ಅಕ್ಕಾ?"

"ಹೇಳ್ಬೇಡ ಅಂದಿದ್ರು ಕಣೋ. ಅವನೇ ನೋಡಿ ಖುಷಿಪಡ್ಲಿ ಅಂತ."

ಬಂಧನದ ಮೆಮೊ ಬರೆಯುವಾಗ ಮೀಸೆ ಆರೋಪಿಯ ಹೆಸರು ಕೇಳಲಿಲ್ಲ. ಪರದೆ ನೋಡಿಯೇ ಬರೆದುಕೊಂಡ.