ಅಳಿಸಬೇಕಿದ್ದ ಹಳೆಯ ಪ್ರತಿ

ಸೌಂದರ್ಯಾ ಮೂರು ದಿನದಿಂದ ಸಹೋದ್ಯೋಗಿ ದುಂಡೇಶನ ಜೊತೆ ಮಾತು ಬಿಟ್ಟಿದ್ದಳು. ಅಥಣಿಯ ಆ ಪುಟ್ಟ ಆಫೀಸಿನಲ್ಲಿ ಇದ್ದದ್ದೇ ನಾಲ್ಕು ಕುರ್ಚಿ. ಅಷ್ಟರಲ್ಲಿ ಮುಖ ತಪ್ಪಿಸಿಕೊಂಡು ಓಡಾಡುವುದೂ ಒಂದು ಕೆಲಸವೇ ಆಗಿತ್ತು.

ದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ತಂಪು ಕಡಿಮೆಯಾದರೆ ಅಲಾರಂ ಹೊಡೆಯುವ ಪ್ರೋಗ್ರಾಮನ್ನು ಅವಳು ಸ್ಮಾಲ್‌ಟಾಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದಳು. ಶನಿವಾರ ಅಲಾರಂ ಹೊಡೆಯಲಿಲ್ಲ, ಒಂದು ಕೋಣೆ ದ್ರಾಕ್ಷಿ ಹಾಳಾಯಿತು. ಸೋಮವಾರ ಮಾಲೀಕ ಅಣ್ಣಾಸಾಬರು ಪ್ರೋಗ್ರಾಮು ತೆರೆದು ನೋಡಿದರೆ, ತಪ್ಪಿದ್ದ ಕೋಡಿಗೆ ದುಂಡೇಶನ ಹೆಸರು. ತಾನು ಸರಿಯಾಗಿ ಬರೆದದ್ದನ್ನು ಇವನು ಕೆಡಿಸಿದನೆಂದು ಸೌಂದರ್ಯಾ ಎಲ್ಲರೆದುರು ಬೈದಳು. ತಿಂಗಳ ಕೊನೆಗೆ ಕೆಲಸ ಬಿಡು ಎಂದು ಅಣ್ಣಾಸಾಬರು ಹೇಳಿದಾಗ ದುಂಡೇಶ ಹೂಂ ಎಂದು ತಲೆಯಾಡಿಸಿದ.

ಇಂದು ಆ ಪ್ರೋಗ್ರಾಮಿನ ಹಳೆಯ ಪ್ರತಿಗಳನ್ನೆಲ್ಲ ಅಳಿಸುವ ಕೆಲಸ ಅವಳ ಪಾಲಿಗೆ ಬಂತು. ಸ್ಮಾಲ್‌ಟಾಕ್‌ನಲ್ಲಿ ಒಮ್ಮೆ ಸೇವ್ ಮಾಡಿದ್ದು ತಾನಾಗಿ ಹೋಗುವುದಿಲ್ಲ. ಹೊಸದರ ಕೆಳಗೆ ಹಳೆಯದು, ಬರೆದವರ ಹೆಸರು, ವೇಳೆ ಸಮೇತ ಕೂತಿರುತ್ತದೆ. ಅಳಿಸುವ ಮುನ್ನ ಪಟ್ಟಿ ತೆರೆದಳು. ದುಂಡೇಶನ ಪ್ರತಿ ಸೇವ್ ಆದದ್ದು ಸೋಮವಾರ ಬೆಳಿಗ್ಗೆ ಎಂಟಕ್ಕೆ, ದ್ರಾಕ್ಷಿ ಕೆಟ್ಟ ಮೇಲೆ! ಅಣ್ಣಾಸಾಬರು ಹೆಸರು ನೋಡಿದ್ದರು, ವೇಳೆ ನೋಡಿರಲಿಲ್ಲ. ಅದರ ಕೆಳಗೆ ಅವಳದೇ ಪ್ರತಿ. ಎರಡನ್ನೂ ಪಕ್ಕಪಕ್ಕ ಇಟ್ಟಳು. ಒಂದಕ್ಷರವೂ ಬೇರೆ ಇರಲಿಲ್ಲ. ತಪ್ಪು ಅವಳದೇ; ಅವನು ಅದನ್ನೇ ತನ್ನ ಹೆಸರಿನಲ್ಲಿ ಮತ್ತೆ ಸೇವ್ ಮಾಡಿದ್ದನಷ್ಟೆ.

ನಾಚಿಕೆಯೋ ಸಿಟ್ಟೋ, ಕಣ್ಣು ತುಂಬಿ ಬಂತು. ಅವನನ್ನು ಕರೆದು ತೋರಿಸಿದಳು.

"ಯಾಕ ಮಾಡಿದ್ರಿ ಇದನ್ನ?"

ದುಂಡೇಶನ ಕಿವಿ ಕೆಂಪಾದವು. ಅವಳ ಮುಖ ಬಿಟ್ಟು ಉಳಿದದ್ದನ್ನೆಲ್ಲ ನೋಡಿದ.

"ನಿಮ್ಮ ಕೆಲಸ ಹೋದ್ರ ನಿಮ್ಮ ಅಪ್ಪಾರು ನಿಮ್ಮೂರು ತೆಲಸಂಗಕ್ಕ ಕರಕೊಂಡು ಹೋಗಿ ಯಾರಿಗರೆ ಕೊಟ್ಟು ಲಗ್ನಾ ಮಾಡ್ತಾರ. ನನಗ ಅದು ಆಗೂದಿಲ್ರಿ. ಹಳೇವೆಲ್ಲಾ ಅಳಸಿಬಿಡ್ರಿ, ಯಾರಿಗೂ ಗೊತ್ತಾಗೂದಿಲ್ಲ."

ಒಂದು ಬಟನ್ ಒತ್ತಿದರೆ ಸಾಕು, ಅವಳ ಕೆಲಸ ಉಳಿಯುತ್ತಿತ್ತು. ಇವನು ಮಾತ್ರ ತಿಂಗಳ ಕೊನೆಗೆ ಎದ್ದು ಹೋಗುತ್ತಿದ್ದ. ಬೈದಾಗಲಾದರೂ ಹೇಳಬಾರದಿತ್ತೇ ಎಂದು ಕೇಳಿದಳು. ಹೇಳಿದ್ದರೆ ನೀವು ಸೀದಾ ಅಣ್ಣಾಸಾಬರ ಹತ್ತಿರ ಹೋಗುತ್ತಿದ್ದಿರಿ ಎಂದ ಅವನು. ಎಷ್ಟು ಚೆನ್ನಾಗಿ ಬಲ್ಲ ತನ್ನನ್ನು ಎನಿಸಿ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಏನನ್ನೂ ಅಳಿಸದೆ ಲ್ಯಾಪ್‌ಟಾಪ್ ಎತ್ತಿಕೊಂಡಳು. ಅಣ್ಣಾಸಾಬರ ಕೋಣೆಯತ್ತ ಹೊರಟಳು.

"ನಿಮ್ಮನ್ನ ಊರಿಗೆ ಒಯ್ದರ?" ಎಂದ ದುಂಡೇಶ.

"ಒಯ್ದರ, ನೀ ಬಂದು ನಮ್ಮ ಅಪ್ಪಗ ಕೇಳು."

ಅವಳು ಮೊದಲ ಸಲ ಅವನಿಗೆ ನೀ ಎಂದಿದ್ದಳು. ಅವನಿಗೆ ಅದು ತಿಳಿಯುವಷ್ಟರಲ್ಲಿ ಅಣ್ಣಾಸಾಬರ ಕೋಣೆಯ ಬಾಗಿಲು ತಲುಪಿದ್ದಳು.

"ಯಾವತ್ತು ಬರ್ಲಿ?"

"ಈ ರವಿವಾರ," ಎಂದು ಸೌಂದರ್ಯಾ ಬಾಗಿಲು ತಳ್ಳಿ ಒಳಗೆ ಹೋದಳು.