ಅಟ್ಟಕ್ಕೇರಿದ ಕಾಫಿ ಫಿಲ್ಟರ್

"ರೀ... ನೀವಾ?"

ಭಾರ್ಗವನ ಕೈಯಲ್ಲಿದ್ದ ಕಾಫಿ ಲೋಟ ತುಳುಕಿತು. ತ್ಯಾಗರಾಜನಗರದ ದರ್ಶಿನಿಯ ಮುಂದೆ, ಬೆಳ್ಳಂಬೆಳಗ್ಗೆ, ಏದುಸಿರು ಬಿಡುತ್ತಾ ಎದುರಿಗೆ ನಿಂತಿದ್ದವಳು ಅವನ ಹೆಂಡತಿ ಹೇಮಶ್ರೀ!

ಅವನ ಮುಖ ನೋಡಬೇಕಿತ್ತು. ಲಂಚ ತೆಗೆದುಕೊಳ್ಳುವಾಗ ಸಿಕ್ಕಿಬಿದ್ದವರೂ ಅಷ್ಟು ಬೆವರುವುದಿಲ್ಲ.

ಹೇಮಶ್ರೀ ಸುತ್ತಲೂ ಕಣ್ಣಾಡಿಸಿದಳು. ಯಾವ ಹೆಣ್ಣೂ ಇರಲಿಲ್ಲ. ಇದ್ದದ್ದು ಒಂದು ಲೋಟ ಕಾಫಿ ಮಾತ್ರ.

ದಿನಾ ಬೆಳಗ್ಗೆ ವಾಕಿಂಗ್ ಎಂದು ಹೋಗುತ್ತಿದ್ದ. ಹೊಟ್ಟೆಯಂತೂ ಕರಗಿರಲಿಲ್ಲ! ಬಂದ ಮೇಲೂ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. 'ಇವರಿಗೆ ಕಾಯಿಲೆ ಹೆಂಡತಿ ಸಾಕಾಗಿದ್ದಾಳೆ' ಎಂದೇ ಅವಳು ಅಂದುಕೊಂಡಿದ್ದಳು. ಇವತ್ತು ಹಿಂದೆಯೇ ಹೋಗಿ ಕಣ್ಣಾರೆ ನೋಡಿ, ಮಗಳನ್ನು ಕರೆದುಕೊಂಡು ಹನುಮಂತನಗರದ ತವರಿಗೆ ಹೋಗಿಬಿಡೋಣ ಎಂದು ಬ್ಯಾಗಿಗೆ ಬಟ್ಟೆಯನ್ನೂ ತುಂಬಿಟ್ಟು ಬಂದಿದ್ದಳು.

ಮಗಳು ಸುಮೇಧಾ ಹೊಟ್ಟೆಯಲ್ಲಿದ್ದಾಗ, ಏಳನೇ ತಿಂಗಳಲ್ಲಿ, ಅವಳಿಗೆ ಕೊರೋನಾ ಬಂದಿತ್ತು. ಮಗು ಗೆದ್ದು ಬಂತು. ಈಗ ನಾಲ್ಕು ವರ್ಷ, ಮನೆಯೆಲ್ಲಾ ಅವಳದೇ ಗಲಾಟೆ. ತಾಯಿಗೆ ಮಾತ್ರ ಜ್ವರ ಬಿಟ್ಟರೂ ಏನೇನೋ ಉಳಿದುಕೊಂಡವು. ಸ್ವಲ್ಪ ನಡೆದರೂ ಸುಸ್ತು, ಒಲೆಯ ಮೇಲಿಟ್ಟ ಹಾಲಿನ ನೆನಪಿಲ್ಲ. ಮೂಗಿನದಂತೂ ಬೇರೆಯದೇ ಕಥೆ... ಹೋದ ವಾಸನೆ ತಿರುಗಿ ಬಂದಾಗ ಕಾಫಿ, ಟೈರು ಸುಟ್ಟ ಹಾಗೆ ನಾರತೊಡಗಿತು! ಬಾಣಂತನದಲ್ಲಿ ಒಮ್ಮೆ ಕಾಫಿ ಕುಡಿದು ಹತ್ತಿರ ಬಂದ ಗಂಡನನ್ನು ತಳ್ಳಿ, ವಾಂತಿ ಮಾಡಿಕೊಂಡಿದ್ದಳು.

"ಕೆಲವರಿಗೆ ತುಂಬಾ ಟೈಮ್ ಹಿಡಿಯುತ್ತೆ. ಎಷ್ಟು ಅಂತ ಹೇಳೋಕಾಗಲ್ಲ" ಎಂದಿದ್ದರು ಡಾಕ್ಟರು.

"ಗ್ಯಾಸ್ಟ್ರಿಕ್ ಅಂತ ಕಾಫಿ ಬಿಟ್ಟೆ ಅಂದಿದ್ರಿ?" ಹೇಮಶ್ರೀ ಅವನ ಕೈಯಲ್ಲಿದ್ದ ಲೋಟ ತೋರಿಸಿ ಕೇಳಿದಳು.

"ಸುಳ್ಳು ಹೇಳ್ದೆ, ಹೇಮಾ."

"ಫಿಲ್ಟರ್ ಅಟ್ಟಕ್ಕೆ ಹಾಕಿದ್ದು?"

"ನಿಂಗೆ ವಾಸನೆ ತಾಗ್ಬಾರ್ದು ಅಂತ."

"ಮತ್ತೆ ಅತ್ತೆ? ಅವರೂ ಕಾಫಿ ಬಿಟ್ಟು, ಬೆಳಗ್ಗೆ ಎದ್ದು ದೇವಸ್ಥಾನಕ್ಕೆ ಹೋಗ್ತಾರಲ್ಲ?"

ಭಾರ್ಗವ ತಲೆ ಕೆರೆದುಕೊಂಡ. "ಅಮ್ಮ ಬೆಳಗ್ಗೆ ದೇವಸ್ಥಾನಕ್ಕೆ ಹೋಗಲ್ಲ ಕಣೆ. ಪಕ್ಕದ ಮನೆ ಅಮ್ಮಣ್ಣಿ ಆಂಟಿ ಹತ್ರ ಕಾಫಿ ಕುಡಿಯೋಕೆ ಹೋಗ್ತಾರೆ."

ಅಬ್ಬಾ! ಕಾಫಿಯಿಲ್ಲದೆ ಕಣ್ಣೇ ಬಿಡದ ಅತ್ತೆ... ಅವರೂ?

ಅವನು ಹೆಗಲಿನ ಬ್ಯಾಗು ತೆರೆದು ತೋರಿಸಿದ. ಒಳಗೆ ಬ್ರಷ್ಷು, ಪೇಸ್ಟು, ಟವೆಲ್ಲು, ಸೋಂಪಿನ ಡಬ್ಬಿ. ಮನೆಗೆ ಬರುವ ಮುಂಚೆ ಅವನು ದಿನವೂ ಇಲ್ಲೇ ಬಾಯಿ ತೊಳೆಯುತ್ತಿದ್ದ. ಹೇಮಶ್ರೀ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾ ನಿಂತಳು.

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಮೂಗಿಗೆ ವೇಲ್ ಕಟ್ಕೊಂಡಾದ್ರೂ ನೀನೇ ಕಾಫಿ ಮಾಡಿ ಕೊಡ್ತಿದ್ದೆ. ನಂಗೊತ್ತಿಲ್ವಾ ನಿನ್ನ?"

"ನನ್ನ ಹತ್ರ ಬರದೇ ಇದ್ದದ್ದು...?"

"ಭಯ ಕಣೆ. ಅವತ್ತು ನಿನ್ನ ಮುಖ ನೋಡಿದ್ನಲ್ಲ... ನನ್ನಿಂದ ಮತ್ತೆ ಹಾಗಾಗ್ಬಾರ್ದು ಅಂತ."

ಒಂದೇ ಸೂರಿನಡಿ, ಇಷ್ಟು ವರ್ಷ, ಸದ್ದಿಲ್ಲದೆ ಇಷ್ಟು ಪ್ರೀತಿ ನಡೆದಿತ್ತು! ತನ್ನನ್ನು ದೂರ ಇಟ್ಟಿದ್ದಾರೆಂದು ಅತ್ತಿದ್ದಳಲ್ಲ... ಈ ಮನುಷ್ಯ ತನ್ನನ್ನು ತಾನೇ ದೂರ ಇಟ್ಟುಕೊಂಡಿದ್ದ.

ಅವಳು ಮುಂದೆ ಬಂದಳು.

"ಬೇಡ ಹೇಮಾ, ಈಗಷ್ಟೇ ಕುಡ್ದಿದ್ದೀನಿ!"

ಅವನು ಹಿಂದೆ ಸರಿಯುವ ಮೊದಲೇ, ಕಾಫಿಗೆ ನಿಂತಿದ್ದವರೆಲ್ಲ ನೋಡುತ್ತಿದ್ದಂತೆ, ಅವನ ಎದೆಗೆ ಹಣೆಯಿಟ್ಟಳು. ಅದೇ ಸುಟ್ಟ ಟೈರು! ಅವಳು ಕದಲಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ಉಸಿರೆಳೆದಳು... ಆ ನಾತದ ಅಡಿಯಲ್ಲಿ, ಎಳೆಯಷ್ಟು, ಬೇರೇನೋ ಇತ್ತು. ಮದುವೆಯಾದ ಹೊಸದರಲ್ಲಿ ದಿಂಬಿನಲ್ಲಿ ಉಳಿಯುತ್ತಿತ್ತಲ್ಲ, ಅದೇ ವಾಸನೆ.

"ತುಂಬಾ ಕೆಟ್ಟದಾಗಿದೆಯಾ?"

"ತುಂಬಾ!" ಅವಳು ಅಳುತ್ತಾ ನಕ್ಕಳು. "ಆದ್ರೆ ಒಳಗೆಲ್ಲೋ ನೀವಿದ್ದೀರ ರೀ... ಗೊತ್ತಾಗ್ತಿದೆ ನಂಗೆ."

ಭಾರ್ಗವನ ಕೈ ಮೆಲ್ಲಗೆ ಅವಳ ಬೆನ್ನ ಮೇಲೆ ಬಂತು.

"ಬನ್ನಿ, ಮನೆಗೆ ಹೋಗೋಣ. ಒಂದು ಬ್ಯಾಗ್ ಬಿಚ್ಬೇಕು."

"ಯಾವ ಬ್ಯಾಗು?"

"ಆಮೇಲೆ ಹೇಳ್ತೀನಿ. ಕೈ ಬಿಡ್ಬೇಡಿ."